‘ಸರಕು ಕಡಿಮೆ ಮಾಡಿ, ವ್ಯಾಪಾರ 10 ಪಟ್ಟು ಹೆಚ್ಚುತ್ತೆ’: ಜಾಮ್ ಬಾಟಲಿ ಕತೆ ಎಷ್ಟು ನಿಜ?

ವ್ಯಾಪಾರಿಗಳ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುವ ಕತೆಯೊಂದಿದೆ. ಅದರ ಸಾರ ಇಷ್ಟು: ಅಮೆರಿಕದ ಅಂಗಡಿಯೊಂದರಲ್ಲಿ 24 ಬಗೆಯ ಜಾಮ್ ಇಟ್ಟಾಗ 100ಕ್ಕೆ 3 ಜನ ಕೊಂಡರು, 6 ಬಗೆ ಇಟ್ಟಾಗ 30 ಜನ ಕೊಂಡರು. ಆದ್ದರಿಂದ ಸರಕಿನ ಬಗೆ ಕಡಿಮೆ ಮಾಡಿ, ವ್ಯಾಪಾರ ತಾನಾಗಿಯೇ ಏರುತ್ತದೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಒಂದೊಂದು ಶಾಖೆ ಇರುವ ಕಿರಾಣಿ ಮಾರ್ಟ್ ಒಂದನ್ನು ಊಹಿಸಿಕೊಳ್ಳಿ. ಅಲ್ಲಿ 3,000 ಬಗೆಯ ಸರಕಿದೆ. 1,000 ಬಗೆ ತೆಗೆದರೆ ಬಂಡವಾಳ ಉಳಿಯುತ್ತದೆ, ಜಾಗವೂ ಸಿಗುತ್ತದೆ. ಈ ಸಂದೇಶ ನಂಬಿ ಮಾಲೀಕರು ಸರಕು ತೆಗೆಯಬಹುದೇ?

ಚಿಕ್ಕ ಉತ್ತರ: ಪ್ರಯೋಗ ನಡೆದದ್ದು ನಿಜ. ಅದರಿಂದ ಹೊರಡಿಸಿದ ಪಾಠ ಅರ್ಧ ಸತ್ಯ.

ಪ್ರಯೋಗದಲ್ಲಿ ನಡೆದದ್ದೇನು?

ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪ್ಪರ್ ಎಂಬ ಮನಶ್ಶಾಸ್ತ್ರಜ್ಞರು 2000ರಲ್ಲಿ ಇದನ್ನು ಪ್ರಕಟಿಸಿದರು. ಕ್ಯಾಲಿಫೋರ್ನಿಯಾದ ಡ್ರೇಗರ್ಸ್ ಎಂಬ ಅಂಗಡಿಯಲ್ಲಿ ಜಾಮ್ ರುಚಿ ನೋಡುವ ಮೇಜು ಹಾಕಿದ್ದರು. ರುಚಿ ನೋಡಿದವರಿಗೆ 1 ಡಾಲರ್ ರಿಯಾಯಿತಿಯ ಕೂಪನ್ ಕೊಟ್ಟರು. 24 ಬಗೆ ಇದ್ದಾಗ ಹಾದುಹೋದವರಲ್ಲಿ ಶೇ 60 ಜನ ನಿಂತರು, 6 ಬಗೆ ಇದ್ದಾಗ ಶೇ 40 ಜನ. ಶೇ 3 ಮತ್ತು ಶೇ 30 ಎಂಬ ಲೆಕ್ಕ ಹೀಗೆ ನಿಂತವರಲ್ಲಿ ಕೊಂಡವರದು. ಹಾದುಹೋದ ಎಲ್ಲರನ್ನೂ ಲೆಕ್ಕಕ್ಕೆ ತಂದರೆ ವ್ಯತ್ಯಾಸ 10 ಪಟ್ಟಲ್ಲ, ಸುಮಾರು 7 ಪಟ್ಟು. ಎರಡೂ ಸೇರಿ ಕೊಂಡವರು ಒಟ್ಟು 35 ಜನ.

ಸಂದೇಶದಲ್ಲಿ ಬಿಟ್ಟುಹೋಗುವ ಮುಖ್ಯ ಸಂಗತಿ ಬೇರೆಯೇ ಇದೆ. ಕಡಿಮೆ ಮಾಡಿದ್ದು ಮೇಜಿನ ಮೇಲಿನ ಬಾಟಲಿಗಳನ್ನು ಮಾತ್ರ. ಕೊಳ್ಳಬೇಕಾದವರು ಮಾಮೂಲಿ ಜಾಮ್ ಕಪಾಟಿಗೇ ಹೋಗಬೇಕಿತ್ತು. ಅಲ್ಲಿಂದ ಒಂದು ಬಾಟಲಿಯನ್ನೂ ತೆಗೆದಿರಲಿಲ್ಲ. ಅಂದರೆ, ಅಂಗಡಿಯ ಸರಕು ಕಡಿತ ಮಾಡಿದರೆ ಏನಾಗುತ್ತದೆ ಎಂಬುದನ್ನು ಈ ಪ್ರಯೋಗ ಪರೀಕ್ಷಿಸಲೇ ಇಲ್ಲ.

ಆಮೇಲಿನ ಅಧ್ಯಯನಗಳು ಏನು ಹೇಳಿದವು?

2010ರಲ್ಲಿ ಶೈಬೆಹೆನ್ನೆ, ಗ್ರೈಫೆನೆಡರ್ ಮತ್ತು ಟಾಡ್ ಎಂಬ ಸಂಶೋಧಕರು ಇಂಥ 50 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಕೆಲವು ಕಡೆ ಹೆಚ್ಚು ಆಯ್ಕೆಯಿಂದ ನಷ್ಟ, ಕೆಲವು ಕಡೆ ಲಾಭ. ಸರಾಸರಿ ಪರಿಣಾಮ ಹೆಚ್ಚುಕಡಿಮೆ ಸೊನ್ನೆ.

2015ರಲ್ಲಿ ಚೆರ್ನೆವ್ ಮತ್ತು ಸಂಗಡಿಗರು ಯಾವಾಗ ನಷ್ಟವಾಗುತ್ತದೆ ಎಂದು ಹುಡುಕಿದರು. ಸರಕುಗಳನ್ನು ಹೋಲಿಸುವುದು ಕಷ್ಟವಾದಾಗ, ಸಮಯ ಕಡಿಮೆ ಇದ್ದಾಗ, ತನಗೇನು ಬೇಕೆಂದು ಗಿರಾಕಿಗೇ ಗೊತ್ತಿಲ್ಲದಾಗ ಹೆಚ್ಚು ಆಯ್ಕೆ ತಲೆನೋವಾಗುತ್ತದೆ. ಆದರೆ ಕಿರಾಣಿ ಅಂಗಡಿಗೆ ಬರುವವರ ಕೈಯಲ್ಲಿ ಸಾಮಾನ್ಯವಾಗಿ ಚೀಟಿ ಇರುತ್ತದೆ. ಯಾವ ಚಹಾಪುಡಿ, ಯಾವ ಎಣ್ಣೆ ಎಂಬುದು ಮನೆಯಲ್ಲೇ ತೀರ್ಮಾನವಾಗಿರುತ್ತದೆ.

ನಿಜವಾದ ಕಡಿತ ಮಾಡಿದವರ ಕತೆ

ಅಮೆರಿಕದ ವಾಲ್‌ಮಾರ್ಟ್ 2009ರ ಹೊತ್ತಿಗೆ ತನ್ನ ಮಳಿಗೆಗಳಲ್ಲಿ ಸಾವಿರಾರು ಬಗೆಯ ಸರಕು ತೆಗೆಯಿತು. ಕಪಾಟುಗಳೇನೋ ಚೊಕ್ಕಟವಾದವು, ಆದರೆ ಹಳೆಯ ಮಳಿಗೆಗಳ ವ್ಯಾಪಾರ ಇಳಿಯುತ್ತಲೇ ಹೋಯಿತು. 2011ರಲ್ಲಿ ಸುಮಾರು 8,500 ಬಗೆಗಳನ್ನು ವಾಪಸ್ ತರುವುದಾಗಿ ಕಂಪನಿಯೇ ಹೇಳಿತು. ಆಗ ಆರ್ಥಿಕ ಹಿಂಜರಿತವೂ ಇತ್ತು. ಹಾಗಾಗಿ ಇಳಿಕೆಗೆ ಕಡಿತವೊಂದೇ ಕಾರಣ ಎನ್ನುವಂತಿಲ್ಲ.

ಹಾಗಾದರೆ ಕಡಿಮೆ ಸರಕಿನ ಅಂಗಡಿ ನಡೆಯುವುದೇ ಇಲ್ಲವೇ? ನಡೆಯುತ್ತದೆ. ಜರ್ಮನಿಯ ಆಲ್ಡಿ ಅದಕ್ಕೆ ಉದಾಹರಣೆ. ಅವರು ಕೆಲವೇ ಬಗೆಗಳನ್ನು ಭಾರೀ ಪ್ರಮಾಣದಲ್ಲಿ ಕೊಂಡು ಅಗ್ಗವಾಗಿ ಮಾರುತ್ತಾರೆ. ಗಿರಾಕಿ ಅಲ್ಲಿಗೆ ಹೋಗುವುದು ಬೆಲೆ ನೋಡಿ. ಬೆಲೆ ಇಳಿಸದೆ ಬಗೆ ಮಾತ್ರ ಇಳಿಸಿದರೆ ಅದು ಆಲ್ಡಿ ಆಗುವುದಿಲ್ಲ.

ತೆಗೆಯುವ ಮುನ್ನ ಏನು ನೋಡಬೇಕು?

1. ಇಡೀ ವರ್ಷದ ಲೆಕ್ಕ. ಮಾರ್ಚ್‌ನಿಂದ ಮೇವರೆಗಿನ ಲೆಕ್ಕ ಮಾತ್ರ ನೋಡಿದರೆ ಸಜ್ಜಿ ಹಿಟ್ಟು, ಎಳ್ಳು ‘ಓಡದ ಮಾಲು’ ಎನಿಸಬಹುದು. ವಿಜಯಪುರ ಜಿಲ್ಲೆಯಲ್ಲಿ ಎಳ್ಳ ಅಮಾವಾಸ್ಯೆ, ಸಂಕ್ರಾಂತಿ ಬಂದಾಗ ಅವುಗಳ ಕತೆಯೇ ಬೇರೆ.

2. ಪೂರ್ತಿ ಬಿಲ್. ಗುರೆಳ್ಳು ಚಟ್ನಿಪುಡಿ ತಿಂಗಳಿಗೆ 10 ಪೊಟ್ಟಣ ಮಾತ್ರ ಹೋಗುತ್ತದೆ ಎನ್ನಿ. ಆ ಹತ್ತೂ ಬಿಲ್ಲುಗಳು ತಲಾ 1,500 ರೂಪಾಯಿಯವಾದರೆ, ಅದನ್ನು ತೆಗೆದಾಗ 15,000 ರೂಪಾಯಿಯ ಗಿರಾಕಿಗಳನ್ನು ಅಪಾಯಕ್ಕೆ ಒಡ್ಡಿದಂತೆ. ಇಂಡಿಯವರಿಗೆ ಸೊಲ್ಲಾಪುರದ ಪೇಟೆಯೂ ದೂರವಲ್ಲ.

3. ಬದಲಿ ಇದೆಯೇ? ಒಂದೇ ಸೋಪಿನ ನಾಲ್ಕು ಅಳತೆಗಳಲ್ಲಿ ಒಂದನ್ನು ತೆಗೆದರೆ ಗಿರಾಕಿ ಪಕ್ಕದ್ದನ್ನು ತೆಗೆದುಕೊಳ್ಳುತ್ತಾರೆ. ಸಕ್ಕರೆ ಕಾಯಿಲೆಯವರು ಹುಡುಕಿ ಬರುವ ಒಂದೇ ಬಗೆಯನ್ನು ತೆಗೆದರೆ ಅವರು ಬೇರೆ ಅಂಗಡಿ ಹುಡುಕುತ್ತಾರೆ.

4. ಓಡಲಿಲ್ಲವೋ, ಇರಲೇ ಇಲ್ಲವೋ? ಸ್ಟಾಕ್ ಮುಗಿದಿದ್ದ ದಿನಗಳಲ್ಲಿ ಮಾರಾಟ ಸೊನ್ನೆ ಇರುವುದು ಸಹಜ. ಅದು ಸರಕಿನ ತಪ್ಪಲ್ಲ.

5. ಎರಡು ಕಡೆ ತೆಗೆದು, ಎರಡು ಕಡೆ ಬಿಟ್ಟು ನೋಡಿ. ಇಂಡಿ, ಸಿಂದಗಿಯಲ್ಲಿ ಸರಕು ತೆಗೆಯಿರಿ. ಮುದ್ದೇಬಿಹಾಳ, ಬಾಗೇವಾಡಿಯಲ್ಲಿ ಹಾಗೇ ಬಿಡಿ. ಮೂರು ತಿಂಗಳಲ್ಲಿ ತೆಗೆದ ಕಡೆ ವ್ಯಾಪಾರ ಶೇ 4 ಇಳಿದರೆ ಗಾಬರಿಯಾಗುತ್ತದೆ. ಆದರೆ ತೆಗೆಯದ ಕಡೆಯೂ ಶೇ 10 ಇಳಿದಿದ್ದರೆ ಅದು ಬೆಳೆ ಕೈಕೊಟ್ಟ ಇಳಿಕೆ ಇರಬಹುದು, ಕಡಿತದ್ದಲ್ಲ. ಹೋಲಿಸಲು ಎರಡು ಅಂಗಡಿ ಉಳಿಸಿಕೊಳ್ಳದಿದ್ದರೆ ಇದು ತಿಳಿಯುವುದೇ ಇಲ್ಲ. ನಾಲ್ಕೇ ಅಂಗಡಿಗಳಾದ್ದರಿಂದ ಊರು ಅದಲುಬದಲು ಮಾಡಿ ಇನ್ನೊಮ್ಮೆ ನೋಡುವುದು ಒಳ್ಳೆಯದು. ತೆಗೆದ ಸರಕನ್ನು ಯಾರು ಕೇಳಿ ವಾಪಸ್ ಹೋದರು ಎಂದು ಗಲ್ಲೆಯಲ್ಲಿ ಒಂದು ವಹಿ ಇಟ್ಟು ಬರೆಸಿ. ಬಿಲ್ ಮಷಿನ್‌ಗೆ ಆ ಲೆಕ್ಕ ಸಿಗುವುದಿಲ್ಲ.

ಫಾರ್ವರ್ಡ್ ಮಾಡುವ ಮುನ್ನ

‘ಒಂದು ಅಧ್ಯಯನ ಹೇಳಿದೆ’ ಎಂಬ ಸಂದೇಶ ಬಂದಾಗ ಮೂರು ಪ್ರಶ್ನೆ ಸಾಕು. ಎಷ್ಟು ಜನರ ಮೇಲೆ ನಡೆಯಿತು? ಬೇರೆಯವರು ಮಾಡಿದಾಗಲೂ ಅದೇ ಫಲ ಬಂತೇ? ಅಲ್ಲಿ ಪರೀಕ್ಷಿಸಿದ್ದೂ ನಾವು ಮಾಡಹೊರಟಿದ್ದೂ ಒಂದೇನಾ? ಜಾಮ್ ಕತೆ ಮೂರನೆಯ ಪ್ರಶ್ನೆಗೇ ಎಡವುತ್ತದೆ. ನಾಲ್ಕು ಊರಿನ ಗಿರಾಕಿಗಳ ಮನಸ್ಸು ತಿಳಿಯಲು ಕ್ಯಾಲಿಫೋರ್ನಿಯಾದ 35 ಜನರಿಗಿಂತ ನಿಮ್ಮದೇ ಒಂದು ವರ್ಷದ ಬಿಲ್ಲುಗಳು ದೊಡ್ಡ ಸಾಕ್ಷಿ.