ಎರಡು ತಾಸಿನ ಪೈಜಾಮ

ಸರ್ಕಾರಿ ಸೇವೆಯ ಮೂರೂವರೆ ದಶಕಗಳಲ್ಲಿ, ಬೆಳಿಗ್ಗೆ ಕೈಗೆತ್ತಿಕೊಂಡ ಕೆಲಸವೊಂದು ಅದೇ ದಿನ ಮಧ್ಯಾಹ್ನದ ಊಟದೊಳಗೆ ಸಂಪೂರ್ಣವಾಗಿ ಮುಗಿದ ನೆನಪು ನನಗಿಲ್ಲ. ಕಡತಕ್ಕೆ ಆದಿಯುಂಟು, ಅಂತ್ಯವಿಲ್ಲ. ಆದಿ ಅಂತ್ಯಗಳೆರಡೂ ಉಳ್ಳ ಕೆಲಸವೊಂದು ನಿವೃತ್ತಿಯ ನಂತರ ನನಗೆ ದೊರಕಿತು: ಪೈಜಾಮ ಹೊಲಿಯುವುದು.

ಮಂಡಿನೋವಿನಿಂದಾಗಿ ನನ್ನ ಪತ್ನಿ ತುಳಿಯುವ ಹೊಲಿಗೆ ಯಂತ್ರವನ್ನು ಕೈಬಿಟ್ಟು ಎರಡು ವರ್ಷಗಳಾಗಿದ್ದವು. ಮೂಲೆ ಸೇರಿದ ಅದನ್ನು ಮಾರಿಬಿಡೋಣವೆಂದು ನಾನು ಸೂಚಿಸಿದಾಗ ಆಕೆ ಏನೂ ಹೇಳಲಿಲ್ಲ. ಆ ಮೌನ ನನ್ನನ್ನು ಚುಚ್ಚಿತು. ಮಾರುವ ಬದಲು ಕಲಿಯಲು ಕುಳಿತೆ.

ಪರ್ಷಿಯನ್ ಭಾಷೆಯಲ್ಲಿ ‘ಪಾಯ್’ ಎಂದರೆ ಕಾಲು, ‘ಜಾಮಾ’ ಎಂದರೆ ಉಡುಪು. ಹೆಸರಿನಷ್ಟೇ ಸರಳ ಅದರ ರಚನೆ. ಗುಂಡಿಯಿಲ್ಲ, ಕಾಲರಿಲ್ಲ, ತೋಳಿಲ್ಲ. ಸುಮಾರು ಎರಡೂವರೆ ಮೀಟರ್ ಹತ್ತಿಬಟ್ಟೆಯನ್ನು ಮೊದಲೇ ಒಗೆದು ಒಣಗಿಸಬೇಕು. ಕುಗ್ಗುವುದಿದ್ದರೆ ಕತ್ತರಿಸುವ ಮೊದಲೇ ಕುಗ್ಗಲಿ. ಹಳೆಯ ಪೈಜಾಮವನ್ನು ಅದರ ಮೇಲಿಟ್ಟು ಗುರುತು ಹಾಕಬೇಕು. ಒಂದೊಂದು ಕಾಲನ್ನೂ ಕೊಳವೆಯಂತೆ ಹೊಲಿದು, ಒಂದನ್ನು ಇನ್ನೊಂದರೊಳಗೆ ತೂರಿಸಿ, ನಡುವಿನ ಬಾಗನ್ನು ಒಂದೇ ಹೊಲಿಗೆಯಲ್ಲಿ ಕೂಡಿಸಬೇಕು. ಸೊಂಟದ ಅಂಚು ಮಡಿಸಿ ಲಾಡಿ ಪೋಣಿಸಿದರೆ, ಕಾಲಿನ ಅಂಚು ಮಡಿಸಿದರೆ ಮುಗಿಯಿತು. ಒಟ್ಟು ಎರಡು ತಾಸು.

ನನ್ನ ಮೊದಲ ಪೈಜಾಮ ಊಟಕ್ಕೆ ಚಕ್ಕಳಮಕ್ಕಳ ಹಾಕಿ ಕುಳಿತೊಡನೆ ಹರಿಯಿತು. ‘ಹಿಂದುಗಡೆ ಎತ್ತರ ಹೆಚ್ಚು ಬಿಡಬೇಕು ಅಂತ ಹೇಳಿದ್ದೆನಲ್ಲ’ ಎಂದು ಪತ್ನಿ ನಕ್ಕಳು. ಹೊಣೆ ಹೊರಿಸಲು ಅಧೀನ ಅಧಿಕಾರಿಯಿರಲಿಲ್ಲ, ಪರಿಶೀಲಿಸಲು ಸಮಿತಿಯಿರಲಿಲ್ಲ. ತಪ್ಪು ನನ್ನದು, ತಿದ್ದುವ ಕೈಯೂ ನನ್ನದು. ಎರಡನೆಯದು ಹರಿಯಲಿಲ್ಲ. ಅದನ್ನು ಉಟ್ಟು ಅಂಗಳದಲ್ಲಿ ಅಡ್ಡಾಡಿದಾಗ ಆದ ಸಂತೋಷ ಬಡ್ತಿಯ ಆದೇಶ ಬಂದಾಗಲೂ ಆಗಿರಲಿಲ್ಲ.

ಅರ್ಥಶಾಸ್ತ್ರ ಓದಿದವನ ಮನಸ್ಸು ಇಲ್ಲಿ ಆಕ್ಷೇಪವೆತ್ತದಿರದು. ಶ್ರಮವಿಭಜನೆಯ ಲಾಭವನ್ನು ಆಡಂ ಸ್ಮಿತ್ 1776ರಲ್ಲೇ ಗುಂಡುಸೂಜಿ ತಯಾರಿಕೆಯ ನಿದರ್ಶನದಿಂದ ವಿವರಿಸಿದ್ದ. ನಮ್ಮ ಬೀದಿಯ ದರ್ಜಿ ನನಗಿಂತ ಬೇಗ, ಚೆನ್ನಾಗಿ ಹೊಲಿಯಬಲ್ಲ. ಅವನ ಕೆಲಸವನ್ನು ನಾನು ಕಸಿಯಬೇಕೆ? ಅಂಗಿಗಳು ಈಗಲೂ ಅವನಲ್ಲಿಗೇ ಹೋಗುತ್ತವೆ. ಆದರೆ ಸೂಜಿಗೆ ದಾರ ಪೋಣಿಸಲು ಹೆಣಗಿದ ಮೇಲೆ ನಾನು ಅವನೊಡನೆ ಚೌಕಾಸಿ ಮಾಡುವುದನ್ನು ಬಿಟ್ಟಿದ್ದೇನೆ.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಲೆಕ್ಕ. ಒಬ್ಬಾತ ತನ್ನ ಮನೆಗೆಲಸದಾಕೆಯನ್ನು ಮದುವೆಯಾದರೆ ರಾಷ್ಟ್ರೀಯ ವರಮಾನ ಇಳಿಯುತ್ತದೆ ಎಂಬ ವೈಚಿತ್ರ್ಯವನ್ನು ಅರ್ಥಶಾಸ್ತ್ರಜ್ಞ ಪಿಗೂ 1920ರ ತನ್ನ ಕೃತಿಯಲ್ಲಿ ಗುರುತಿಸಿದ್ದ. ಕೆಲಸ ಅದೇ, ಸಂಬಳವಿಲ್ಲದ್ದರಿಂದ ಲೆಕ್ಕಕ್ಕೆ ಸಿಗದು. ಭಾರತದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ವೇತನವಿಲ್ಲದ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ವ್ಯಯಿಸುತ್ತಿದ್ದರು. ಪುರುಷರು 97 ನಿಮಿಷ. ಪಿಗೂ ಹೇಳಿದ್ದನ್ನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದ ನಾನು, ಮಕ್ಕಳ ಲಂಗ, ದಿಂಬಿನ ಚೀಲ, ಪರದೆಗಳನ್ನು ಹೊಲಿಯುತ್ತ ಮನೆಯಲ್ಲಿ ಸದ್ದು ಮಾಡುತ್ತಿದ್ದ ಆ ಯಂತ್ರವನ್ನು ಎಂದೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಯಂತ್ರಗಳ ವ್ಯಾಮೋಹವನ್ನು ಟೀಕಿಸುತ್ತಿದ್ದ ಗಾಂಧೀಜಿ 1924ರಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ನೀಡಿದ್ದರು. ಹೆಂಡತಿಯ ಬೇಸರದ ದುಡಿಮೆಯನ್ನು ಕಂಡು ಸಿಂಗರ್ ಅದನ್ನು ನಿರ್ಮಿಸಿದನೆಂಬುದು ಅವರ ವಿವರಣೆ. 1851ರಲ್ಲಿ ಪೇಟೆಂಟ್ ಪಡೆದ ಐಸಾಕ್ ಸಿಂಗರ್‌ನ ಗಮನ ಲಾಭದ ಮೇಲಿತ್ತೆಂದು ಚರಿತ್ರೆ ಹೇಳುತ್ತದೆ. ಆದರೂ ಗಾಂಧೀಜಿಯವರ ಮಾತಿನ ತಿರುಳು ಸುಳ್ಳಲ್ಲ: ಮನುಷ್ಯನ ದಣಿವನ್ನು ಕಂಡವನಿಗಷ್ಟೇ ಯಂತ್ರದ ಬೆಲೆ ತಿಳಿಯುತ್ತದೆ. ನಾನು ಕಂಡದ್ದು ತಡವಾಗಿ.

ಹೊಲಿದದ್ದನ್ನು ಈಗ ಪತ್ನಿಗೆ ಒಪ್ಪಿಸುತ್ತೇನೆ. ಆಕೆ ಮೊದಲು ಒಳಮಗ್ಗುಲನ್ನು ಹೊರಳಿಸಿ ಹೊಲಿಗೆ ನೋಡುತ್ತಾಳೆ. ‘ಪರವಾಗಿಲ್ಲ’ ಎಂದರೆ ಅದೇ ನನ್ನ ವಾರ್ಷಿಕ ಗೋಪ್ಯ ವರದಿ. ಯಂತ್ರವನ್ನು ಮಾರುವ ಮಾತನ್ನು ಮತ್ತೆ ನಾನೆತ್ತಿಲ್ಲ.