ಕೂದಲು ಕಸಿ: ನೆಡುವ ಮುನ್ನ ಬೇರನ್ನು ಅರಿಯಿರಿ

ಬಾಚಣಿಗೆಯ ಹಲ್ಲುಗಳ ನಡುವೆ ನಾಲ್ಕು ಕೂದಲು ಹೆಚ್ಚು ಕಂಡರೆ ಸಾಕು, ಕನ್ನಡಿಯ ಮುಂದೆ ನಿಲ್ಲುವ ಸಮಯ ದುಪ್ಪಟ್ಟಾಗುತ್ತದೆ. ರಾಜ್ ಬಿ. ಶೆಟ್ಟಿ ನಿರ್ದೇಶಿಸಿ ನಟಿಸಿದ ‘ಒಂದು ಮೊಟ್ಟೆಯ ಕಥೆ’ ಚಿತ್ರ 2017ರಲ್ಲಿ ತೆರೆಕಂಡಾಗ ಪ್ರೇಕ್ಷಕರು ಮನಸಾರೆ ನಕ್ಕರು. ಆದರೆ ಮಂಗಳೂರಿನ ಆ ಬೊಕ್ಕತಲೆಯ ಕನ್ನಡ ಉಪನ್ಯಾಸಕ ಹೆಣ್ಣು ಸಿಗದೆ ಪಡುವ ಪಾಡು ಎಷ್ಟೋ ಮಂದಿಗೆ ತಮ್ಮ ಮನೆಯದೇ ಕಥೆಯಾಗಿತ್ತು.

ಸುಳ್ಯ ತಾಲೂಕಿನ ಅಜ್ಜಾವರದಂಥ ಅಡಿಕೆ ತೋಟಗಳ ಊರಿಗೂ ಬೆಂಗಳೂರಿನ ಬಹುಮಹಡಿ ಕಟ್ಟಡಗಳಿಗೂ ಈ ಚಿಂತೆಯಲ್ಲಿ ವ್ಯತ್ಯಾಸವಿಲ್ಲ. ಊರಿನಲ್ಲಿ ಮದುವೆಯ ಮಾತುಕತೆ ಆರಂಭವಾಗುತ್ತಿದ್ದಂತೆ, ನಗರದಲ್ಲಿ ದುಡಿಯುವ ಮಗ ‘ಒಂದೇ ದಿನದಲ್ಲಿ ಹೊಸ ಕೂದಲು’ ಎಂಬ ಜಾಹೀರಾತಿನ ಬೆನ್ನು ಹತ್ತುತ್ತಾನೆ. ಬೇಕಾದರೆ ಸಾಲಕ್ಕೂ ವ್ಯವಸ್ಥೆ ಇದೆ. ಆದರೆ ಕೂದಲು ಏಕೆ ಉದುರುತ್ತಿದೆ ಎಂಬ ಮೊದಲ ಪ್ರಶ್ನೆಗೇ ಉತ್ತರ ಸಿಕ್ಕಿರುವುದಿಲ್ಲ.

ಉದುರುವುದೂ ಸಹಜ ಧರ್ಮ

ಮನುಷ್ಯನ ತಲೆಯ ಮೇಲೆ ಸುಮಾರು 1 ಲಕ್ಷ ಕೂದಲುಗಳಿರುತ್ತವೆ. ಪ್ರತಿಯೊಂದು ಕೂದಲೂ 2ರಿಂದ 6 ವರ್ಷ ಬೆಳೆದು, ಎರಡು ಮೂರು ವಾರಗಳಲ್ಲಿ ಬೆಳವಣಿಗೆ ನಿಲ್ಲಿಸಿ, ಸುಮಾರು 3 ತಿಂಗಳು ವಿಶ್ರಮಿಸಿ ಉದುರುತ್ತದೆ. ಅದೇ ಬುಡದಿಂದ ಹೊಸ ಕೂದಲು ಹುಟ್ಟುತ್ತದೆ. ಹೀಗಾಗಿ ದಿನಕ್ಕೆ 50ರಿಂದ 100 ಕೂದಲು ಉದುರುವುದು ರೋಗವಲ್ಲ. ಧರ್ಮಸ್ಥಳದಲ್ಲಿ ಮುಡಿ ಕೊಟ್ಟು ಬಂದವರ ತಲೆ ಕೆಲವೇ ತಿಂಗಳಲ್ಲಿ ಮತ್ತೆ ತುಂಬಿಕೊಳ್ಳುವುದು ಬುಡ ಜೀವಂತವಾಗಿರುವುದರಿಂದಲೇ. ಬೋಳಿಸಿದರೆ ಕೂದಲು ದಟ್ಟವಾಗಿ ಬರುತ್ತದೆ ಎಂಬ ನಂಬಿಕೆಗೆ ಮಾತ್ರ ಆಧಾರವಿಲ್ಲ.

ಕಾರಣಗಳು ಹಲವು

ಪುರುಷರಲ್ಲಿ ಅತಿ ಸಾಮಾನ್ಯವಾದದ್ದು ಆನುವಂಶಿಕ ಬೊಕ್ಕತಲೆ. ಟೆಸ್ಟೋಸ್ಟೆರಾನ್ ಹಾರ್ಮೋನು ದೇಹದಲ್ಲಿ ಡೈಹೈಡ್ರೊ ಟೆಸ್ಟೋಸ್ಟೆರಾನ್ ಆಗಿ ಪರಿವರ್ತನೆಗೊಳ್ಳುತ್ತದೆ. ಅದಕ್ಕೆ ಹೆಚ್ಚು ಸ್ಪಂದಿಸುವ ಬುಡಗಳು ವರ್ಷದಿಂದ ವರ್ಷಕ್ಕೆ ಕುಗ್ಗಿ, ದಪ್ಪ ಕೂದಲಿನ ಬದಲು ನವಿರಾದ ರೋಮವನ್ನಷ್ಟೇ ಕೊಡುತ್ತವೆ. ಹಣೆಯ ಎರಡೂ ಬದಿ ಹಿಂದೆ ಸರಿಯುವುದು, ನೆತ್ತಿ ಬರಿದಾಗುವುದು ಇದರ ಲಕ್ಷಣ. ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ 1942ರಲ್ಲಿ ಪುರುಷ ಹಾರ್ಮೋನಿಗೂ ಬೊಕ್ಕತಲೆಗೂ ಇರುವ ನಂಟನ್ನು ತೋರಿಸಿದರು. ಈ ಗುಣ ತಾಯಿ, ತಂದೆ ಇಬ್ಬರ ಕಡೆಯಿಂದಲೂ ಬರಬಹುದು. ಮಹಿಳೆಯರಲ್ಲಿ ಮುಂಭಾಗದ ಅಂಚು ಉಳಿದು ಬೈತಲೆ ಅಗಲವಾಗುವುದು ಹೆಚ್ಚು.

ಎರಡನೆಯದು ತಾತ್ಕಾಲಿಕ ಉದುರುವಿಕೆ. ಡೆಂಗ್ಯೂ, ಟೈಫಾಯಿಡ್, ಕೋವಿಡ್‌ನಂಥ ಜ್ವರ, ಹೆರಿಗೆ, ದೊಡ್ಡ ಶಸ್ತ್ರಚಿಕಿತ್ಸೆ ಅಥವಾ ಕಠಿಣ ಪಥ್ಯದ ಬಳಿಕ ಎರಡು ಮೂರು ತಿಂಗಳಿಗೆ ಕೂದಲು ಹಿಡಿ ಹಿಡಿಯಾಗಿ ಉದುರತೊಡಗುತ್ತದೆ. ಜ್ವರ ಮರೆತು ಹೋಗಿರುತ್ತದೆ. ದೂರು ಮಾತ್ರ ಶಾಂಪೂವಿನ ಮೇಲೆ ಬೀಳುತ್ತದೆ! ಮಳೆಗಾಲದ ಜ್ವರಗಳಿಗೆ ಹೊಸಬರಲ್ಲದ ಸುಳ್ಯ, ಪುತ್ತೂರು, ಕಡಬ ಸೀಮೆಯವರು ಇದನ್ನು ವಿಶೇಷವಾಗಿ ನೆನಪಿಡಬೇಕು. ಇದು ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನಾಗಿಯೇ ಹತೋಟಿಗೆ ಬರುತ್ತದೆ. ಇದಕ್ಕೆ ಶಸ್ತ್ರಚಿಕಿತ್ಸೆಯ ಅಗತ್ಯವೇ ಇಲ್ಲ.

ಇವಲ್ಲದೆ ಕಬ್ಬಿಣಾಂಶದ ಕೊರತೆ, ಥೈರಾಯ್ಡ್ ಏರುಪೇರು, ತಲೆಯ ಚರ್ಮದ ಬೂಷ್ಟು ಸೋಂಕು, ಕೆಲವು ಔಷಧಿಗಳು, ಕೂದಲನ್ನು ಬಹುಕಾಲ ಬಿಗಿಯಾಗಿ ಎಳೆದು ಕಟ್ಟುವ ಅಭ್ಯಾಸ ಕೂಡ ಕಾರಣವಾಗುತ್ತವೆ. ನಾಣ್ಯದಾಕಾರದಲ್ಲಿ ಕೂದಲು ಹೋಗುವ ತೊಂದರೆಯಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಕೂದಲ ಬುಡದ ಮೇಲೆ ಎರಗಿರುತ್ತದೆ.

ಬೋರ್‌ವೆಲ್‌ನ ಗಡಸು ನೀರು ಎಳೆಯನ್ನು ಒರಟಾಗಿಸಬಹುದು, ಬುಡವನ್ನು ಕೊಲ್ಲದು. ಹೆಲ್ಮೆಟ್ಟಿನಿಂದ ತಲೆ ಬೋಳಾಗುವುದಿಲ್ಲ. ಗರುಗ, ದಾಸವಾಳ ಹಾಕಿ ಕಾಯಿಸಿದ ತೆಂಗಿನೆಣ್ಣೆಯೂ ಅಷ್ಟೇ: ಎಳೆ ತುಂಡಾಗದಂತೆ ಕಾಪಾಡೀತು, ಆನುವಂಶಿಕ ಬೊಕ್ಕತಲೆಯನ್ನು ತಡೆಯಲಾರದು.

ಮೊದಲು ಔಷಧ

ಆನುವಂಶಿಕ ಬೊಕ್ಕತಲೆಗೆ ಎರಡು ಔಷಧಗಳು ದಶಕಗಳಿಂದ ಬಳಕೆಯಲ್ಲಿವೆ. ತಲೆಗೆ ಹಚ್ಚುವ ಮಿನಾಕ್ಸಿಡಿಲ್‌ಗೆ 1988ರಲ್ಲಿ, ನುಂಗುವ ಫಿನಾಸ್ಟರೈಡ್‌ಗೆ 1997ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಉದ್ದೇಶಕ್ಕೆ ಒಪ್ಪಿಗೆ ನೀಡಿತು. ಕನಿಷ್ಠ ನಾಲ್ಕಾರು ತಿಂಗಳು ಬಳಸದೆ ಫಲ ತಿಳಿಯದು. ನಿಲ್ಲಿಸಿದರೆ ಗಳಿಸಿದ್ದು ಕ್ರಮೇಣ ಕಳೆದುಹೋಗುತ್ತದೆ. ಫಿನಾಸ್ಟರೈಡ್‌ನಿಂದ ಕೆಲವರಲ್ಲಿ ಲೈಂಗಿಕ ಅಡ್ಡಪರಿಣಾಮಗಳು ಕಾಣಿಸುವುದುಂಟು. ಗರ್ಭಿಣಿಯರು ಅದನ್ನು ಸೇವಿಸಲೇಬಾರದು. ಆದ್ದರಿಂದ ಎರಡನ್ನೂ ವೈದ್ಯರ ಸಲಹೆಯಿಲ್ಲದೆ ಆರಂಭಿಸುವುದು ಸಲ್ಲದು.

ಕಸಿ ಎಂದರೆ ನೇಜಿ ನೆಟ್ಟಂತೆ

ಕರಾವಳಿಯವರು ಭತ್ತದ ಸಸಿಯನ್ನು ನೇಜಿ ಎನ್ನುತ್ತಾರೆ. ಒಂದು ಮೂಲೆಯ ಮಡಿಯಿಂದ ಕಿತ್ತು ಗದ್ದೆಯ ತುಂಬ ನೆಡುವ ಕೆಲಸವನ್ನು ಸುಳ್ಯ ಸೀಮೆಯ ಹಿರಿಯರು ಕಂಡವರೇ. ಕೂದಲು ಕಸಿಯೂ ಹಾಗೆಯೇ. ಒಂದು ವ್ಯತ್ಯಾಸವಿದೆ: ಇಲ್ಲಿ ಮತ್ತೆ ಬಿತ್ತಲು ಬೀಜವಿಲ್ಲ. ತಲೆಯ ಹಿಂಭಾಗ ಮತ್ತು ಬದಿಗಳ ಕೂದಲು ಹಾರ್ಮೋನಿನ ಹೊಡೆತಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಮುಂದಕ್ಕೆ ತಂದು ನೆಟ್ಟರೂ ಆ ಗುಣವನ್ನು ಬಿಡುವುದಿಲ್ಲ. ನ್ಯೂಯಾರ್ಕಿನ ಚರ್ಮವೈದ್ಯ ನಾರ್ಮನ್ ಓರೆಂಟ್ರೈಕ್ 1959ರಲ್ಲಿ ಪ್ರಕಟಿಸಿದ ಈ ತತ್ತ್ವವೇ ಇಂದಿನ ಕಸಿಯ ತಳಹದಿ. ಜಪಾನಿನ ಶೋಜಿ ಒಕುಡಾ 1939ರಲ್ಲೇ ಸುಟ್ಟ ಗಾಯದ ಕಲೆಗಳ ಮೇಲೆ ಕೂದಲು ನೆಟ್ಟಿದ್ದರು. ಆರಂಭದ ವರ್ಷಗಳಲ್ಲಿ ದೊಡ್ಡ ತುಣುಕುಗಳನ್ನೇ ನೆಡುತ್ತಿದ್ದುದರಿಂದ ತಲೆ ಗೊಂಬೆಯ ತಲೆಯಂತೆ ಕಾಣುತ್ತಿತ್ತು.

ಕೂದಲು ಸಹಜವಾಗಿ 1ರಿಂದ 4ರ ಗುಂಪುಗಳಲ್ಲಿ ಹುಟ್ಟುತ್ತದೆ. ಈಗ ನೆಡುವುದು ಈ ಗುಂಪುಗಳನ್ನೇ. ವ್ಯವಹಾರದಲ್ಲಿ ಇವಕ್ಕೆ ಗ್ರಾಫ್ಟ್ ಎಂದು ಹೆಸರು. ತೆಗೆಯುವ ವಿಧಾನ ಎರಡು. ಮೊದಲನೆಯದು ಎಫ್‌ಯುಟಿ. ಇದರಲ್ಲಿ ಹಿಂದಲೆಯಿಂದ ಚರ್ಮದ ತೆಳು ಪಟ್ಟಿಯೊಂದನ್ನು ಕತ್ತರಿಸಿ, ಸೂಕ್ಷ್ಮದರ್ಶಕದ ಕೆಳಗೆ ಗುಂಪುಗಳನ್ನು ಬೇರ್ಪಡಿಸುತ್ತಾರೆ. ಹೊಲಿಗೆಯ ಗೆರೆ ಉಳಿಯುತ್ತದೆ. ಎರಡನೆಯದಾದ ಎಫ್‌ಯುಇ ವಿಧಾನದಲ್ಲಿ ಸುಮಾರು 1 ಮಿ.ಮೀ. ಅಗಲದ ಕೊಳವೆಯಂಥ ಉಪಕರಣದಿಂದ ಒಂದೊಂದೇ ಗುಂಪನ್ನು ತೆಗೆಯುತ್ತಾರೆ. ಉದ್ದದ ಗಾಯವಿಲ್ಲ, ಚುಕ್ಕೆ ಕಲೆಗಳಿರುತ್ತವೆ. ‘ಕಲೆಯೇ ಇಲ್ಲದ ಕಸಿ’ ಎಂಬ ಮಾತು ಜಾಹೀರಾತಿನದು, ವೈದ್ಯಶಾಸ್ತ್ರದ್ದಲ್ಲ.

ಸ್ಥಳೀಯ ಅರಿವಳಿಕೆ ನೀಡಿ ಹಲವು ಗಂಟೆಗಳ ಕಾಲ ನಡೆಯುವ ಕೆಲಸವಿದು. ನೆಟ್ಟ ಕೂದಲಿನ ಬಹುಪಾಲು ಕೆಲವೇ ವಾರಗಳಲ್ಲಿ ಉದುರುತ್ತದೆ. ಗಾಬರಿ ಬೇಡ, ಬುಡ ಒಳಗಿರುತ್ತದೆ. ಮೂರು ನಾಲ್ಕು ತಿಂಗಳಿಗೆ ಹೊಸ ಬೆಳೆ ಮೊಳೆತು, ಪೂರ್ಣ ಫಲ ಕಾಣಲು ಒಂದು ವರ್ಷ ಬೇಕು.

ಯಾರಿಗೆ ಬೇಡ?

ಇಪ್ಪತ್ತರ ಆಸುಪಾಸಿನ ಯುವಕರೇ ಹೆಚ್ಚು ಆತುರ ತೋರುವವರು. ಅವರೇ ಹೆಚ್ಚು ಕಾಯಬೇಕಾದವರು. ಬೊಕ್ಕತಲೆ ಎಲ್ಲಿಯವರೆಗೆ ಹರಡುವುದೆಂದು ಆ ವಯಸ್ಸಿನಲ್ಲಿ ಹೇಳಲಾಗದು. ಇರುವ ನೇಜಿಯನ್ನೆಲ್ಲ ಹಣೆಗೇ ಸುರಿದರೆ, ಹತ್ತು ವರ್ಷಗಳ ಬಳಿಕ ಮುಂದೆ ಕೂದಲು, ಹಿಂದೆ ಬಯಲು ಎಂಬ ಸ್ಥಿತಿ ಬಂದೀತು. ಆಗ ಹಿಂದಲೆಯಲ್ಲಿ ತೆಗೆಯಲು ಏನೂ ಉಳಿದಿರುವುದಿಲ್ಲ. ಹತೋಟಿಯಿಲ್ಲದ ಮಧುಮೇಹ, ರಕ್ತ ಹೆಪ್ಪುಗಟ್ಟುವ ತೊಂದರೆ, ಸಕ್ರಿಯ ಚರ್ಮರೋಗ, ಹಿಂದಲೆಯಲ್ಲೂ ಕೂದಲು ತೆಳುವಾಗಿರುವುದು ಇದ್ದವರಿಗೆ ಕಸಿ ತಕ್ಕುದಲ್ಲ. ಕಸಿ ಮಾಡಿಸಿಕೊಂಡರೂ ಉಳಿದ ಹಳೆಯ ಕೂದಲು ಉದುರುವುದು ನಿಲ್ಲುವುದಿಲ್ಲ. ಅದಕ್ಕೆ ಔಷಧ ಮುಂದುವರಿಯಬೇಕು.

ಉಪಕರಣ ಯಾರ ಕೈಯಲ್ಲಿ?

ಇದು ಕ್ಷೌರವಲ್ಲ, ಶಸ್ತ್ರಚಿಕಿತ್ಸೆ. 2016ರಲ್ಲಿ ಚೆನ್ನೈನಲ್ಲಿ ಕಸಿ ಮಾಡಿಸಿಕೊಂಡ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಅಸುನೀಗಿದ. 2025ರಲ್ಲಿ ಕಾನ್ಪುರದಲ್ಲಿ ಕಸಿಯ ನಂತರ ಎಂಜಿನಿಯರೊಬ್ಬರು ಮೃತಪಟ್ಟ ಪ್ರಕರಣ ಪೊಲೀಸ್ ಠಾಣೆಯ ಮೆಟ್ಟಿಲೇರಿತು. ಅರಿವಳಿಕೆಯ ಪ್ರಮಾಣ ಮೀರಿದರೆ ಹೃದಯಕ್ಕೂ ಮಿದುಳಿಗೂ ಅಪಾಯ; ಸೋಂಕು ರಕ್ತಕ್ಕೇರಿದರೆ ಪ್ರಾಣಕ್ಕೇ ಸಂಚಕಾರ. ಇಂಥವು ಅಪರೂಪವೆಂಬುದು ನಿಜ. ಆದರೆ ಅಪರೂಪದ ಆ ಗಳಿಗೆಯನ್ನು ನಿಭಾಯಿಸಬಲ್ಲವರು ಪಕ್ಕದಲ್ಲಿರಬೇಕಷ್ಟೆ.

ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ನೀಡಿದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಕಸಿ ಮಾಡುವವರು ಕ್ರಮಬದ್ಧ ತರಬೇತಿ ಪಡೆದ ನೋಂದಾಯಿತ ವೈದ್ಯರಾಗಿರಬೇಕು. ಕಾರ್ಯಾಗಾರದಲ್ಲಿ ಅಥವಾ ಯೂಟ್ಯೂಬ್‌ನಲ್ಲಿ ನೋಡಿ ಕಲಿತದ್ದು ಸಾಲದು. ಕರ್ನಾಟಕದಲ್ಲಿ ಖಾಸಗಿ ಚಿಕಿತ್ಸಾಲಯಗಳು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿಯಾಗಿರಬೇಕು. ಹಣ ಕಟ್ಟುವ ಮುನ್ನ ಕೇಳಬೇಕಾದ ಪ್ರಶ್ನೆಗಳಿವು: ನನ್ನ ಕೂದಲು ಉದುರಲು ಕಾರಣವೇನು? ಬುಡ ತೆಗೆಯುವವರು, ನೆಡುವವರು ಯಾರು, ವೈದ್ಯರು ಇಡೀ ದಿನ ಇರುತ್ತಾರೆಯೇ? ಲೆಕ್ಕ ಗ್ರಾಫ್ಟ್‌ನದೋ ಕೂದಲಿನದೋ? ತುರ್ತು ಬಂದರೆ ವ್ಯವಸ್ಥೆ ಏನು? ಉತ್ತರ ಕೊಡಲು ಹಿಂಜರಿಯುವ ಕಡೆಯಿಂದ ಎದ್ದು ಬರುವುದೇ ಲೇಸು.

ಮೊದಲ ಪ್ರಶ್ನೆಗೆ ಉತ್ತರ ಪಡೆಯಲು ಅಜ್ಜಾವರದವರು ಬೆಂಗಳೂರಿನ ಬಸ್ಸು ಹತ್ತಬೇಕಾಗಿಲ್ಲ. ಹತ್ತಿರದ ಸುಳ್ಯದಲ್ಲೇ ಕೆ.ವಿ.ಜಿ. ವೈದ್ಯಕೀಯ ಕಾಲೇಜು ಆಸ್ಪತ್ರೆಯಿದೆ. ಜಿಲ್ಲೆಯಲ್ಲಿ ಇಂಥ ಕಾಲೇಜುಗಳು ಇನ್ನೂ ಹಲವಿವೆ. ರಾಜ್ಯದ ಇತರೆಡೆಯವರೂ ಸಮೀಪದ ಚರ್ಮರೋಗ ತಜ್ಞರನ್ನು ಕಂಡು, ಅಗತ್ಯವಿದ್ದರೆ ರಕ್ತಪರೀಕ್ಷೆ ಮಾಡಿಸಿಕೊಂಡರೆ ಕಾರಣ ಸಾಮಾನ್ಯವಾಗಿ ತಿಳಿಯುತ್ತದೆ. ಎಷ್ಟೋ ಮಂದಿಗೆ ಕಸಿಯೇ ಬೇಡವೆಂದು ಅಲ್ಲೇ ಗೊತ್ತಾಗುತ್ತದೆ. ಬೇಕೆಂದಾದರೆ, ಇರುವಷ್ಟೇ ಸಸಿಯನ್ನು ಎಲ್ಲಿ, ಯಾವಾಗ, ಯಾರ ಕೈಯಿಂದ ನೆಡಿಸಬೇಕೆಂಬುದನ್ನು ಸಾವಧಾನವಾಗಿ ನಿರ್ಧರಿಸಿ. ಮಡಿ ಒಂದೇ ಇರುವಾಗ ಆತುರ ಬೇಡ.