ಏಳು ತಂತಿಯ ಪಿಟೀಲು

ಕಾರ್ಕಳದ ಸಮೀಪದ ನಂದಳಿಕೆಯು ಮುದ್ದಣ ಕವಿಯ ಹುಟ್ಟೂರೆಂಬುದು ಸಾಹಿತ್ಯಾಭ್ಯಾಸಿಗಳೆಲ್ಲರೂ ಬಲ್ಲ ಸಂಗತಿ. ಮೈಸೂರಿನಲ್ಲಿ ಕೀರ್ತಿವಡೆದ ಗಾಯಕ ಬಿಡಾರಂ ಕೃಷ್ಣಪ್ಪನವರ (1866–1931) ಜನ್ಮಸ್ಥಳವೂ ಅದೇ. ಅವರ ಶಿಷ್ಯರಾದ ತಿರುಮಕೂಡಲು ಚೌಡಯ್ಯನವರು (1895–1967) ತಮ್ಮ ವಾದ್ಯದಲ್ಲಿ ಮಾಡಿಕೊಂಡ ಮಾರ್ಪಾಟನ್ನು ಇಲ್ಲಿ ವಿವೇಚಿಸುವೆವು.

ಕರ್ಣಾಟಕ ಪದ್ಧತಿಯಲ್ಲಿ ಪಿಟೀಲಿನ ನಾಲ್ಕು ತಂತಿಗಳನ್ನು ಷಡ್ಜಪಂಚಮಗಳಿಗೆ ಶ್ರುತಿಮಾಡುವುದು ರೂಢಿ. ಧ್ವನಿವರ್ಧಕವಿಲ್ಲದ ಕಚೇರಿಗಳಲ್ಲಿ ಇದರ ನಾದವು ಹಿಂದೆ ಕುಳಿತ ಶ್ರೋತೃಗಳಿಗೆ ಸ್ಫುಟವಾಗಿ ಮುಟ್ಟುತ್ತಿರಲಿಲ್ಲ. ಈ ಕೊರತೆಯನ್ನು ನೀಗಲು ಚೌಡಯ್ಯನವರು 1927ರ ಸುಮಾರಿಗೆ ಇನ್ನು ಮೂರು ತಂತಿಗಳನ್ನು ಸೇರಿಸಿದರು. ಜೋಡಿಯ ತಂತಿಗಳೆರಡಕ್ಕೂ ಒಂದು ಸ್ಥಾಯಿಯ ಅಂತರ. ಕಮಾನು ಎರಡನ್ನೂ ಒಮ್ಮೆಗೆ ಉಜ್ಜಿದಾಗ ಮೇಲಿನ ತಂತಿಯ ಮೂಲಸ್ವರವು ಕೆಳಗಿನದರ ಎರಡನೆಯ ಅನುಸ್ವರದೊಡನೆ ಬೆರೆತು, ಕಿವಿಗೆ ಒಂದೇ ತುಂಬುನಾದವಾಗಿ ಕೇಳುವುದು.

ಈ ಲಾಭವು ಸುಲಭಸಾಧ್ಯವಲ್ಲ. ಏಳು ತಂತಿಗಳಿಗೆ ಏಳು ಬಿರಡೆಗಳು ಬೇಕು. ಕುದುರೆಯ ಮೇಲಣ ಭಾರವು ಹೆಚ್ಚುವುದು. ಒಂದೇ ಬೆರಳು ಎರಡು ತಂತಿಗಳನ್ನು ಸಮವಾಗಿ ಒತ್ತಬೇಕು. ಗಮಕದಲ್ಲಿ ಬೆರಳು ಜಾರುವಾಗಲೂ ಅವುಗಳ ಶ್ರುತಿಸಾಮ್ಯವು ಕೆಡಬಾರದು.

ಇಂದು ಉಡುಪಿ, ಮಣಿಪಾಲಗಳ ತರುಣರು ವೇದಿಕೆಯಲ್ಲಿ ನುಡಿಸುವ ಎಲೆಕ್ಟ್ರೋ–ಅಕೌಸ್ಟಿಕ್ ಗಿಟಾರು ಇದೇ ಕೊರತೆಯನ್ನು ಬೇರೊಂದು ಮಾರ್ಗದಿಂದ ನೀಗುತ್ತದೆ. ಅದರ ಕುದುರೆಯ ಅಡಿಯಲ್ಲಿ ಸಾಮಾನ್ಯವಾಗಿ ಪೀಜೋ ಎಂಬ ಪಟ್ಟಿಯನ್ನು ಅಳವಡಿಸಿರುವರು. ಅದು ತಂತಿಯ ಕಂಪನದ ಒತ್ತಡವನ್ನು ವಿದ್ಯುತ್ಸಂಕೇತವನ್ನಾಗಿ ಮಾರ್ಪಡಿಸಿ ಧ್ವನಿವರ್ಧಕಕ್ಕೆ ಒಪ್ಪಿಸುವುದು. ಹನ್ನೆರಡು ತಂತಿಯ ಗಿಟಾರಿನಲ್ಲಿಯಾದರೋ ಚೌಡಯ್ಯನವರ ಕ್ರಮದಂತೆಯೇ ಕೆಳಗಿನ ನಾಲ್ಕು ಜೋಡಿಗಳನ್ನು ಸ್ಥಾಯಿಯ ಅಂತರದಲ್ಲಿ ಕೂಡಿಸುವುದು ವಾಡಿಕೆ.

ಹಾಗಾದರೆ ಧ್ವನಿವರ್ಧಕವು ಬಂದಮೇಲೆ ಏಳು ತಂತಿಗಳು ವ್ಯರ್ಥವಾದುವೇ? ಆಗಲಿಲ್ಲ. ಕೃಷ್ಣಪ್ಪನವರಲ್ಲಿ ಶಿಕ್ಷಣ ಪಡೆದ ಆರ್. ಆರ್. ಕೇಶವಮೂರ್ತಿಗಳು (1913–2006) ಧ್ವನಿವರ್ಧಕದ ಕಾಲದಲ್ಲಿಯೂ ಇದೇ ವಾದ್ಯವನ್ನು ನುಡಿಸಿದರು. ಯಂತ್ರವು ನಾದವನ್ನು ಹಿರಿದುಮಾಡಬಲ್ಲುದು. ಜೋಡಿತಂತಿಯು ನಾದದ ಬಣ್ಣವನ್ನೇ ಬದಲಿಸಿತ್ತು. ಅವಶ್ಯಕತೆಯಿಂದ ಹುಟ್ಟಿದುದು ಅಭಿರುಚಿಯಾಗಿ ಉಳಿಯಿತು.

ನಮ್ಮ ಸಂಗೀತಚರಿತ್ರೆಗಳು ಗುರುಪರಂಪರೆಯನ್ನೂ ಕೃತಿಗಳನ್ನೂ ಆದರದಿಂದ ಬರೆದಿಡುತ್ತವೆ. ಮರ, ತಂತಿ, ಬಿರಡೆಗಳ ವೃತ್ತಾಂತಕ್ಕೆ ಅಲ್ಲಿ ಎಡೆ ಕಡಮೆ. ಕಾರಣವು ಮರೆತುಹೋದರೆ ಇಂತಹ ವಾದ್ಯವು ಮುಂದಿನವರಿಗೆ ಬರಿಯ ವಿಚಿತ್ರವಸ್ತುವಾಗಿ ತೋರುವುದು. ಆದುದರಿಂದ ವಾದ್ಯದ ರಚನೆಯನ್ನೂ ಅದನ್ನು ಬೇಡಿದ ಸಭೆಯ ಸ್ಥಿತಿಯನ್ನೂ ಒಟ್ಟಿಗೆ ದಾಖಲಿಸುವುದು ವಿದ್ವಾಂಸರ ಕರ್ತವ್ಯವಾಗಿದೆ.